ಸವಳು ಬಿದ್ದ ಹೊಲ, 72 ವರ್ಷದ ಅಪ್ಪ, ಯೆರೆಮೀಯ 32: ಇದು ನಂಬಿಕೆಯಾ, ಹಟವಾ?

ಸಿಂಧನೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಮನೆಯ ವಿಷಯ ಇಲ್ಲಿ ಹಾಕಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚನೆ ಮಾಡಿದೆ. ಕೇಳೋಕೆ ಬೇರೆ ಯಾರೂ ಸಿಗಲಿಲ್ಲ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಮ್ಮ ಊರು ಸಿಂಧನೂರು ತಾಲ್ಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಅಪ್ಪ ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ನಿವೃತ್ತಿ ಆದಾಗ ಬಂದ ಹಣದಲ್ಲಿ ಸ್ವಲ್ಪ ಎಫ್‌ಡಿ ಇಟ್ಟಿದ್ದಾರೆ. ಮೂರು ಎಕರೆ ಹೊಲ ಇದೆ. ಅಷ್ಟೇ ನಮ್ಮ ಆಸ್ತಿ.

ಕಳೆದ ತಿಂಗಳು ಅಪ್ಪನ ಚಿಕ್ಕಪ್ಪನ ಮಗ ಮನೆಗೆ ಬಂದರು. ನನಗೆ ಕಾಕಾ ಆಗಬೇಕು. ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅವ್ವ ಕೊಟ್ಟ ಚಹಾ ಹಾಗೇ ಆರಿಹೋಯಿತು. ಆಮೇಲೆ ಹೇಳಿದರು: "ಅಣ್ಣ, ಸಾಲ ಜಾಸ್ತಿ ಆಗಿದೆ. ನನ್ನ ಪಾಲಿನ ಎರಡು ಎಕರೆ ಹತ್ತು ಗುಂಟೆ ಮಾರಬೇಕು. ಹೊರಗಿನವರಿಗೆ ಕೊಡೋಕೆ ಮನಸ್ಸು ಒಪ್ಪುತ್ತಿಲ್ಲ. ನೀನೇ ತಗೋ."

ಆ ಹೊಲದಲ್ಲಿ ಸವಳು ಬಿದ್ದಿದೆ, ಅಂದರೆ ಮಣ್ಣಿನ ಉಪ್ಪು ಮೇಲೆ ಬಂದಿದೆ. ಬೇಸಿಗೆಯಲ್ಲಿ ಹೋದರೆ ಯಾರೋ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ಕಾಲಿಟ್ಟರೆ ಮೇಲಿನ ಪದರ ಹಪ್ಪಳದ ಹಾಗೆ ಮುರಿಯುತ್ತದೆ. ಎರಡು ವರ್ಷದಿಂದ ಬೀಳು. ಬದುವಿನ ಮೇಲೆ ಜಾಲಿ ಬಿಟ್ಟರೆ ಬೇರೇನೂ ಇಲ್ಲ.

ಅಪ್ಪ ಅವತ್ತು ಏನೂ ಹೇಳಲಿಲ್ಲ. ರಾತ್ರಿ ಪ್ರಾರ್ಥನೆಗೆ ಕೂತಾಗ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ ತೆಗೆದರು. ಗೊತ್ತಿಲ್ಲದವರಿಗೆ ಕಥೆ ಹೇಳುತ್ತೇನೆ. ಬಾಬೆಲಿನ ಸೈನ್ಯ ಜೆರುಸಲೇಮನ್ನು ಸುತ್ತುವರಿದಿದೆ. ಊರು ಬೀಳುತ್ತದೆ ಎಂದು ಹೇಳಿದ್ದಕ್ಕೆ ಅರಸ ಚಿದ್ಕೀಯ ಪ್ರವಾದಿ ಯೆರೆಮೀಯನನ್ನು ಅರಮನೆಯ ಕಾವಲಿನ ಅಂಗಳದಲ್ಲಿ ಹಿಡಿದಿಟ್ಟಿದ್ದಾನೆ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ಶತ್ರುಗಳು ಬೀಡುಬಿಟ್ಟ ನಾಡಿನ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಳ್ಳುತ್ತಾನೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಜನ ಮತ್ತೆ ಕೊಳ್ಳುವ ಕಾಲ ಬರುತ್ತದೆ ಎಂದು ದೇವರು ಮಾತು ಕೊಟ್ಟಿದ್ದರು, ಅದಕ್ಕೆ.

ಓದಿ ಮುಗಿಸಿ ಅಪ್ಪ ಕನ್ನಡಕ ತೆಗೆದು ಹೇಳಿದ್ದು ಒಂದೇ ಮಾತು: "ನಮ್ಮ ಮನೆಗೂ ಹನಮೇಲ ಬಂದಿದ್ದಾನೆ."

ಬೆಂಗಳೂರಿನಲ್ಲಿರುವ ತಮ್ಮನಿಗೆ ಸಿಟ್ಟು. ಆ ಹಣ ಅಪ್ಪ ಅವ್ವನ ಆಸ್ಪತ್ರೆ ಖರ್ಚಿಗೆ ಇರಲಿ ಅನ್ನುತ್ತಾನೆ. ಅವನ ಮಾತೂ ತಪ್ಪಲ್ಲ. ನಾನು ನಡುವೆ ಸಿಕ್ಕಿಬಿದ್ದಿದ್ದೇನೆ. ಆ ಹೊಲ ಸರಿಹೋಗಿ, ಗಿಡ ಬೆಳೆದು ಫಲ ಬರುವ ಹೊತ್ತಿಗೆ ಅಪ್ಪ ಇರುತ್ತಾರೋ ಇಲ್ಲವೋ. ತಾನು ನೋಡದ ಕಾಲಕ್ಕೆ ಹಣ ಹಾಕುವುದು ನಂಬಿಕೆಯಾ? ಅಥವಾ ವಾಕ್ಯದ ಹೆಸರಿನಲ್ಲಿ ಹಟವಾ?

ಎರೆ ಹೊಲ

ಅಕ್ಕ, ನಾನೂ ಕೊನೆ ಭಾಗದವನೇ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಬೇಡ.

ನಮ್ಮ ಎರೆ ಮಣ್ಣು ಮೊದಲು ಜೋಳ, ಹತ್ತಿ ಬೆಳೆಯುತ್ತಿದ್ದ ಮಣ್ಣು. ಕಾಲುವೆ ಬಂದ ಮೇಲೆ ಭತ್ತ ಹಾಕಿದೆವು. ವರ್ಷಗಟ್ಟಲೆ ನೀರು ನಿಲ್ಲಿಸಿದೆವು. ಕೆಳಗಿನ ಉಪ್ಪು ಮೇಲೆ ಬಂತು. ನೀರು ಬಸಿದು ಹೋಗೋಕೆ ದಾರಿ ಇಲ್ಲದಿದ್ದರೆ ಆ ಹೊಲ ಪ್ರಾರ್ಥನೆ ಮಾಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಮೇಲಿನ ಹೊಲದವರು ನೀರು ಬಿಡುತ್ತಲೇ ಇರುತ್ತಾರೆ, ಅದು ಬಂದು ನಿಲ್ಲುವುದು ನಿಮ್ಮಲ್ಲಿ.

ಇನ್ನೊಂದು ಮಾತು. ಯೆರೆಮೀಯನಿಗೆ ದೇವರು ಹೆಸರು ಹಿಡಿದು ಹೇಳಿದರು, ಹನಮೇಲ ಬರುತ್ತಾನೆ ಅಂತ ಮೊದಲೇ ತಿಳಿಸಿದರು. ನಿಮ್ಮ ಅಪ್ಪನಿಗೆ ಹಾಗೆ ಹೇಳಿದ್ದಾರಾ? ಬೇರೆಯವರಿಗೆ ಕೊಟ್ಟ ಮಾತನ್ನು ನನಗೆ ಅಂತ ತೆಗೆದುಕೊಂಡರೆ ಹೇಗೆ? ನಾನು ಕೆಡುಕು ಬಯಸಿ ಹೇಳುತ್ತಿಲ್ಲ. ನಮ್ಮ ಮಾವ ಹೀಗೇ ಸವಳು ಭೂಮಿ ತಗೊಂಡು ಹತ್ತು ವರ್ಷ ಒದ್ದಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಲಿಂಗಸುಗೂರು ಅಕ್ಕ

ವಾಗ್ದಾನ ಅನ್ನುವ ಶಬ್ದ ಕೇಳಿದರೇ ನನಗೆ ಈಗ ಎದೆ ನಡುಗುತ್ತದೆ. ನಮ್ಮ ಅವ್ವ ಒಂದು ಕೂಟದಲ್ಲಿ ಕಿವಿಯ ಬೆಂಡೋಲೆ ಬಿಚ್ಚಿ ಕೊಟ್ಟಳು. ಬೀಜದ ಕಾಣಿಕೆ ಹಾಕಿ, ಕರ್ತನು ನೂರರಷ್ಟು ಮಾಡಿ ಕೊಡುತ್ತಾನೆ ಎಂದು ವೇದಿಕೆಯ ಮೇಲಿನಿಂದ ಹೇಳಿದ್ದರು. ಅಪ್ಪನಿಗೆ ಹುಷಾರಿಲ್ಲದ ಸಮಯ ಅದು. ಅಪ್ಪ ಉಳಿಯಲಿಲ್ಲ. ಕೊನೆಗೆ ಅವ್ವನೇ ಅಳುತ್ತಿದ್ದಳು, ನನ್ನ ನಂಬಿಕೆ ಸಾಲಲಿಲ್ಲವೇನೋ ಅಂತ. ಆ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ.

ಸಿಂಧನೂರಿನ ಅಕ್ಕ, ನಿಮ್ಮ ಅಪ್ಪನ ಹಿಂದೆ ಯಾರಾದರೂ ಹೀಗೆ ಹೇಳಿಕೊಟ್ಟವರು ಇದ್ದಾರಾ ನೋಡಿ. ಅದೊಂದು ಖಾತ್ರಿ ಮಾಡಿಕೊಳ್ಳಿ.

ಸಿಂಧನೂರಿನ ಮಗಳು

ಅಕ್ಕ, ನಿಮ್ಮ ಅವ್ವನ ವಿಷಯ ಓದಿ ಕಣ್ಣು ತುಂಬಿತು. ಇಲ್ಲ, ಹಿಂದೆ ಯಾರೂ ಇಲ್ಲ. ಅಪ್ಪ ಅಂಥದ್ದಕ್ಕೆ ಬೀಳುವವರಲ್ಲ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಎಲ್ಲರೂ ವಾಗ್ದಾನದ ಚೀಟಿ ಎತ್ತುತ್ತಾರಲ್ಲ, ಅಪ್ಪ ಎತ್ತಿದ ಚೀಟಿಯನ್ನು ಓದಿ ಬೈಬಲ್ ಒಳಗೆ ಇಡುತ್ತಾರೆ. ಅದು ಯಾವ ಅಧ್ಯಾಯದ್ದು, ಯಾರಿಗೆ ಹೇಳಿದ್ದು ಎಂದು ಹಿಂದೆ ಮುಂದೆ ಓದದೆ ಬಿಡುವುದಿಲ್ಲ. ಒಂದು ಸಾಲು ಕಿತ್ತುಕೊಂಡು ಹೋಗಬಾರದು, ಬುಡ ಸಮೇತ ತಗೋಬೇಕು ಅನ್ನುತ್ತಾರೆ.

ಎರೆ ಹೊಲ ಅಣ್ಣ ಕೇಳಿದ್ದನ್ನು ಹಾಗೇ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಆ ಹುಡುಗ ಕೇಳಿದ್ದು ಸರಿ ಇದೆ. ನನಗೆ ಯಾವ ಧ್ವನಿಯೂ ಕೇಳಿಲ್ಲ. ನನ್ನ ತಮ್ಮ ಬಂದು ಕೇಳಿದ್ದು ಮಾತ್ರ ಕೇಳಿಸಿತು" ಅಂದರು.

ಹಳೇ ಬಳ್ಳಾರಿ

ತಂಗಿ, ನಿನ್ನ ಅಪ್ಪನ ಆ ಮಾತಿಗೆ ನಾನು ಎದ್ದು ನಿಂತೆ. ನನಗೆ 69. ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಈ ಅಧ್ಯಾಯದ ಬಗ್ಗೆ ಎರಡು ವಿಷಯ ಹೇಳಲೇಬೇಕು.

ಮೊದಲನೆಯದು, ಹನಮೇಲ ಬಂದು ಸುಮ್ನೆ ಹೊಲ ಮಾರುತ್ತೇನೆ ಅನ್ನಲಿಲ್ಲ. ಬಿಡಿಸಿಕೊಳ್ಳುವ ಹಕ್ಕು ನಿನ್ನದು ಅಂದ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಆ ನಿಯಮ ಇದೆ. ಅಣ್ಣತಮ್ಮಂದಿರಲ್ಲಿ ಒಬ್ಬ ಬಡವನಾಗಿ ಭೂಮಿ ಮಾರುವ ಸ್ಥಿತಿ ಬಂದರೆ, ಹತ್ತಿರದ ಸಂಬಂಧಿ ಮುಂದೆ ಬಂದು ಆ ಭೂಮಿಯನ್ನು ಬಿಡಿಸಬೇಕು. ಭೂಮಿ ಮನೆತನದಿಂದ ಹೊರಗೆ ಹೋಗಬಾರದು. ಅಂದರೆ ಯೆರೆಮೀಯ ಮಾಡಿದ್ದು ಬರೀ ದೇವರ ಮಾತಿಗೆ ಗುರುತಾಗಿ ತೋರಿಸಿದ ಕಾರ್ಯ ಅಲ್ಲ. ಕಷ್ಟದಲ್ಲಿದ್ದ ತಮ್ಮನ ಕೈ ಹಿಡಿದದ್ದೂ ಹೌದು. ಅದಕ್ಕೆ ಸ್ವರ್ಗದಿಂದ ಬೇರೆ ಧ್ವನಿ ಬರಬೇಕಾಗಿಲ್ಲ. ಅನಾತೋತಿನವರು ಇದೇ ಯೆರೆಮೀಯನನ್ನು ಕೊಲ್ಲಬೇಕೆಂದು ಒಳಸಂಚು ಮಾಡಿದ್ದರು, 11ನೇ ಅಧ್ಯಾಯ ನೋಡಿ. ಅಂಥ ಊರಿನ ಹೊಲಕ್ಕೆ ಅವನು ಬೆಳ್ಳಿ ತೂಗಿದ.

ಎರಡನೆಯದು ನನಗೆ ಬಹಳ ಇಷ್ಟವಾದದ್ದು. ಅಧ್ಯಾಯದ ಕ್ರಮ ನೋಡಿ. ಮೊದಲು ಬೆಳ್ಳಿ ತೂಗುತ್ತಾನೆ. ಪತ್ರ ಬರೆಯುತ್ತಾನೆ, ಮುದ್ರೆ ಹಾಕುತ್ತಾನೆ, ಸಾಕ್ಷಿ ಹಾಕಿಸುತ್ತಾನೆ, ತನ್ನ ಬರಹಗಾರ ಬಾರೂಕನ ಕೈಗೆ ಕೊಡುತ್ತಾನೆ. ಎಲ್ಲಾ ಮುಗಿದ ಮೇಲೆ ಪ್ರಾರ್ಥನೆಗೆ ನಿಲ್ಲುತ್ತಾನೆ. ಆ ಪ್ರಾರ್ಥನೆಯ ಕೊನೆಗೆ ಏನಿದೆ? ಕರ್ತನೇ, ಪಟ್ಟಣ ಶತ್ರುವಿನ ಕೈಗೆ ಹೋಗುತ್ತಿದೆ, ಆದರೂ ಹೊಲ ಕೊಂಡುಕೋ ಅಂದೆಯಲ್ಲ ಎನ್ನುವ ದಿಗಿಲು. ಸಹಿ ಹಾಕಿದ ಮೇಲೆ ಅವನಿಗೆ ಹೆದರಿಕೆ ಆಯಿತು. ದೇವರು ಅದಕ್ಕೆ ಬೈಯಲಿಲ್ಲ, ನನಗೆ ಅಸಾಧ್ಯವಾದದ್ದು ಇದೆಯೋ ಎಂದು ಕೇಳಿ ಸಮಾಧಾನವಾಗಿ ಉತ್ತರ ಕೊಟ್ಟರು. ಲಿಂಗಸುಗೂರಿನ ತಂಗಿ, ನಿನ್ನ ಅವ್ವನಿಗೆ ನಂಬಿಕೆ ಸಾಲಲಿಲ್ಲ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಯೆರೆಮೀಯನೇ ನಡುಗಿದ್ದಾನೆ. ಇನ್ನೂ ಒಂದು ಮಾತು. ಅವನು ಕೊಟ್ಟ ಬೆಳ್ಳಿ ಹೊಲದ ಮಾಲೀಕನ ಕೈಗೆ ಹೋಯಿತು. ದೇವರ ಹೆಸರು ಹೇಳಿಕೊಂಡು ನಡುವೆ ನಿಂತು ತೆಗೆದುಕೊಂಡವರು ಯಾರೂ ಇರಲಿಲ್ಲ.

ಲಿಂಗಸುಗೂರು ಅಕ್ಕ

ಅಣ್ಣ, ಇಷ್ಟು ವರ್ಷದಲ್ಲಿ ಈ ಮಾತು ಯಾರೂ ಹೇಳಿರಲಿಲ್ಲ. ಅವ್ವನಿಗೆ ಓದಿ ಹೇಳುತ್ತೇನೆ.

ಮುನಿರಾಬಾದ್ ಮೊಮ್ಮಗ

ನಾನು ಚರ್ಚಿಗೆ ಹೋಗುವವನಲ್ಲ, ಆದರೂ ಬರೆಯಬೇಕು ಅನಿಸಿತು.

ನಮ್ಮ ಮುತ್ತಜ್ಜ ಡ್ಯಾಂ ಕೆಲಸದಲ್ಲಿ ಕಲ್ಲು ಹೊತ್ತವರು. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕು ಎಂದು ಬ್ರಿಟಿಷ್ ಇಂಜಿನಿಯರ್ ಸರ್ ಆರ್ಥರ್ ಕಾಟನ್ ಹೇಳಿದ್ದು 1860ರಲ್ಲಿ. ಅಡಿಗಲ್ಲು ಬಿದ್ದದ್ದು 1945ರಲ್ಲಿ. ಒಂದು ದಡ ಮದ್ರಾಸಿನದು, ಈ ದಡ ನಿಜಾಮರದು. ನೀರು ನಿಂತದ್ದು 1953ರಲ್ಲಿ. ಹೇಳಿದವರು ನೋಡಲಿಲ್ಲ. ಕಲ್ಲು ಹೊತ್ತ ನಮ್ಮ ಮುತ್ತಜ್ಜನಿಗೆ ಕಾಲುವೆ ಕೆಳಗೆ ಒಂದು ಗುಂಟೆಯೂ ಇರಲಿಲ್ಲ. ಅವರ ಊರು ನೀರಿನ ಕೆಳಗೆ ಹೋಯಿತು. ಮುಳುಗಿದ ಊರಿನವರಿಗೆ ಕೊಟ್ಟ ಮಾತುಗಳಲ್ಲಿ ಎಷ್ಟೋ ಉಳಿಯಲಿಲ್ಲ ಎಂದು ನಮ್ಮ ಅಜ್ಜಿ ಕೊನೆಯವರೆಗೂ ನೊಂದುಕೊಳ್ಳುತ್ತಿದ್ದಳು. ಮನುಷ್ಯರು ಕೊಟ್ಟ ಮಾತಿಗೂ ದೇವರ ಮಾತಿಗೂ ವ್ಯತ್ಯಾಸ ಅಲ್ಲೇ ಇರಬೇಕು.

ನನ್ನ ಕಣ್ಣಾರೆ ಕಂಡದ್ದನ್ನೂ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಮರುದಿನ ಸೇತುವೆ ಮೇಲೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕರು ಟವೆಲ್ ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಹೊಲ ಎಲ್ಲಿ ಎಂದು ಕೇಳಿದೆ. ಹೊಲ ಇಲ್ಲಪ್ಪ, ಅಂದರು. 33 ಗೇಟುಗಳಲ್ಲಿ ಒಂದು ಹೋದದ್ದಕ್ಕೆ ಹೊಲವೇ ಇಲ್ಲದ ಮನುಷ್ಯ ಅಳುತ್ತಿದ್ದರು. ಒಂದು ವಾರದೊಳಗೆ ಆ ಜಾಗಕ್ಕೆ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸಿದರು, ನೀರು ಉಳಿಯಿತು.

ಹಿಂದಿನವರು ಕಟ್ಟಿದ್ದನ್ನು ನಾವು ಉಳಿಸಿಕೊಳ್ಳಬೇಕು ಅನ್ನುವುದೂ ಇದೆ. ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಹತ್ತಿರ ಬಂದಿದೆ. ಅಕ್ಕ, ನಿಮ್ಮ ಕೊನೆ ಭಾಗಕ್ಕೆ ನೀರು ಕಡಿಮೆ ಆಗೋದಕ್ಕೆ ಅದೂ ಒಂದು ಕಾರಣ. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕುಷ್ಟಗಿ ಕೆರೆ

ನಮ್ಮದು ಲಿಂಗಾಯತ ಮನೆ. ಯೆರೆಮೀಯನ ಕಥೆ ಇಲ್ಲೇ ಮೊದಲು ಓದಿದ್ದು. ಓದಿದ ಕೂಡಲೇ ನೆನಪಾಗಿದ್ದು ನಮ್ಮ ಕಡೆಯ ದಾನಶಾಸನದ ಕಲ್ಲುಗಳು. ಕಲ್ಲಿನ ಮೇಲ್ತುದಿಯಲ್ಲಿ ಸೂರ್ಯ ಚಂದ್ರ ಕೆತ್ತಿರುತ್ತಾರೆ. ಸೂರ್ಯ ಚಂದ್ರ ಇರುವತನಕ ಈ ದಾನ ನಡೆಯಲಿ ಎಂದು ಅರ್ಥ. ಬರೆಸಿದವನಿಗೆ ಗೊತ್ತು, ತಾನು ಅಷ್ಟು ದಿನ ಇರುವುದಿಲ್ಲ ಅಂತ. ಆದರೂ ಕೆರೆಗೆ ಇಷ್ಟು ಭೂಮಿ, ಗುಡಿಗೆ ಇಷ್ಟು ಭೂಮಿ ಎಂದು ಬಿಟ್ಟುಹೋದ. ಹೊಲದ ಬದುವಿನಲ್ಲಿ ಅಂಥ ಕಲ್ಲಿಗೆ ಎತ್ತು ಕಟ್ಟಿದ್ದನ್ನು ನೋಡಿದ್ದೇನೆ. ಆನೆಗೊಂದಿ, ಸಣಾಪುರದ ಕಡೆ ವಿಜಯನಗರದ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಗದ್ದೆ ನೆನೆಯುತ್ತದೆ.

ಆದರೆ ಒಂದು ಎಚ್ಚರಿಕೆ ಹೇಳಬೇಕು. ಮುಂದಿನವರಿಗಾಗಿ ಎಂದು ನೆಟ್ಟದ್ದೆಲ್ಲ ಒಳ್ಳೆಯದೇ ಆಗುತ್ತದೆ ಅನ್ನೋಕೆ ಆಗುವುದಿಲ್ಲ. ಬಳ್ಳಾರಿ ಜಾಲಿ ನೋಡಿ. ಒಣ ಸೀಮೆ ಹಸಿರಾಗಲಿ, ಬಡವರಿಗೆ ಸೌದೆ ಆಗಲಿ ಎಂದು ಹೊರದೇಶದಿಂದ ತಂದು ಹರಡಿದ ಗಿಡ. ತಂದವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಇವತ್ತು ಅದು ಕೆರೆ, ಹಳ್ಳ, ಗೋಮಾಳ ಎಲ್ಲಾ ನುಂಗಿದೆ. ನಿಡಶೇಸಿ ಕೆರೆಯ ಹೂಳು ತೆಗೆಯುವಾಗ ನಾವೂ ಊರಿನವರ ಜೊತೆ ಹೋಗಿದ್ದೆವು. ಒಂದು ಜಾಲಿಯ ಬೊಡ್ಡೆ ಕೀಳೋಕೆ ಜೆಸಿಬಿ ಎಷ್ಟು ಸಲ ಬಕೆಟ್ ಹಾಕಿತು ಅಂತೀರಿ! ಮೇಲೆ ಕಾಣುವುದು ಆಳೆತ್ತರ, ಕೆಳಗೆ ಬೇರು ಹೋಗುತ್ತಲೇ ಇರುತ್ತದೆ. ಕೊಯ್ದರೆ ನಾಲ್ಕರಷ್ಟು ಚಿಗುರುತ್ತದೆ. ನಾವು ಹೋದ ಮೇಲೂ ಉಳಿಯುವಂಥದ್ದನ್ನು ಮಾಡುವಾಗ, ಮುಂದಿನವರು ಇದನ್ನು ಕೀಳೋಕೆ ಒದ್ದಾಡಬಾರದು ಅನ್ನುವ ಯೋಚನೆಯೂ ಇರಬೇಕು. ನಿಮ್ಮ ಅಪ್ಪ ಆ ಹೊಲದಲ್ಲಿ ಏನು ಮಾಡಬೇಕೆಂದಿದ್ದಾರೆ ಅಕ್ಕ?

ಸಿಂಧನೂರಿನ ಮಗಳು

ಹುಣಸೆ. ಬದುವಿಗೆ ಬೇವು. ಅಪ್ಪನಿಗೆ ಹುಣಸೆ ಮರ ಅಂದರೆ ಪ್ರಾಣ. ಅವರು ಓದಿದ ಶಾಲೆ ನಡೆಯುತ್ತಿದ್ದದ್ದೇ ಹುಣಸೆ ಮರದ ಕೆಳಗೆ.

ಇನ್ನೊಂದು ವಿಷಯ ನಿನ್ನೆ ಗೊತ್ತಾಯಿತು, ಮೊದಲು ಹೇಳಿರಲಿಲ್ಲ. ಕಾಕಾನ ಮಗನಿಗೆ ಈಗ 14 ವರ್ಷ. ಅವನು ದೊಡ್ಡವನಾಗಿ, ದುಡಿದು, ಆ ಹೊಲ ವಾಪಸ್ ಬೇಕು ಎಂದರೆ ಇದೇ ಬೆಲೆಗೆ ಕೊಡಬೇಕಂತೆ. ಅಪ್ಪ ಕಾಕಾನಿಗೆ ಹಾಗೆ ಮಾತು ಕೊಟ್ಟುಬಿಟ್ಟಿದ್ದಾರೆ. ತಮ್ಮನಿಗೆ ಇದು ಗೊತ್ತಾಗಿ ಫೋನ್ ಇಟ್ಟುಬಿಟ್ಟ.

ನಿವೃತ್ತ ಸರ್ವೆ

ಅಮ್ಮ, ನಾನು 34 ವರ್ಷ ಭೂಮಾಪನ ಇಲಾಖೆಯಲ್ಲಿದ್ದವನು. ಕೊಪ್ಪಳ, ರಾಯಚೂರು ಎರಡೂ ಕಡೆ ಕೆಲಸ ಮಾಡಿದ್ದೇನೆ. ದೊಡ್ಡವರ ಬಾಯಿಮಾತು ಎಷ್ಟು ಮನೆ ಒಡೆದಿದೆ ಎಂದು ನಾನು ನೋಡಿದ್ದೇನೆ. ಮಾತು ಕೊಟ್ಟವರ ಮನಸ್ಸಿನಲ್ಲಿ ಮೋಸ ಇರುವುದಿಲ್ಲ. ಅವರು ಹೋದ ಮೇಲೆ ಆ ಮಾತು ಕೇಳಿದವರು ಯಾರು, ಎಷ್ಟು ಬೆಲೆ, ಎಷ್ಟು ವರ್ಷದೊಳಗೆ ಎಂಬ ಜಗಳ ಶುರುವಾಗುತ್ತದೆ.

ಆದ್ದರಿಂದ ಬರೆಸಿ. ಮಾರಿದ್ದು ಮಾರಾಟ ಅಂತಲೇ ಇರಲಿ. ವಾಪಸ್ ಕೊಡುವ ಮಾತನ್ನು ವಕೀಲರ ಹತ್ತಿರ ಕೂತು ಸರಿಯಾಗಿ ಬರೆಸಿ, ನಿಮ್ಮ ತಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ. ಪಹಣಿಯ 11ನೇ ಕಾಲಂ ನೋಡಿ, ಬ್ಯಾಂಕಿನ ಸಾಲ ಅಲ್ಲಿ ಕಾಣುತ್ತದೆ. ಇಸಿ (ಋಣಭಾರ ಪತ್ರ) ತೆಗೆಸಿ. ಸರ್ವೆ ನಂಬರಿನಲ್ಲಿ ಅವರ ಪಾಲು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಆ ಪಾಲನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕು. ನಿಮ್ಮ ಕಾಕಾನಿಗೆ ಅಕ್ಕತಂಗಿಯರಿದ್ದರೆ ಅವರ ಸಹಿ ಬಿಡಬೇಡಿ. ನಮ್ಮ ಸೀಮೆಯಲ್ಲಿ ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿದೆ. ಹಳೇ ಹಿಸ್ಸೆಯ ತಕರಾರು ಇದ್ದರೆ ಅದನ್ನು ಓದಬಲ್ಲವರ ಹತ್ತಿರ ಓದಿಸಿ. ಇನ್ನು, ದಯವಿಟ್ಟು ಪತ್ರದಲ್ಲಿ ನಿಜವಾದ ಬೆಲೆಯನ್ನೇ ಬರೆಸಿ.

ಹಳೇ ಬಳ್ಳಾರಿ

ಸರ್ವೆ ಸಾಹೇಬರೇ, ನೀವು ಹೇಳಿದ್ದು ವಾಕ್ಯದಲ್ಲೂ ಹಾಗೇ ಇದೆ. ಸಾರಾ ತೀರಿಕೊಂಡಾಗ ಅಬ್ರಹಾಮ ಹೆಬ್ರೋನಿನ ಹತ್ತಿರ ಮಕ್ಪೇಲದ ಗವಿ ಕೊಂಡ. ಇಡೀ ಕಾನಾನ್ ದೇಶ ನಿನ್ನ ಸಂತತಿಗೆ ಎಂದು ದೇವರು ಮಾತು ಕೊಟ್ಟಿದ್ದರೂ ಅವನ ಕೈಯಲ್ಲಿ ಹೆಂಡತಿಯನ್ನು ಮಣ್ಣು ಮಾಡುವಷ್ಟು ಜಾಗ ಇರಲಿಲ್ಲ. ಎಫ್ರೋನ ಸುಮ್ಮನೆ ತಗೋ ಎಂದರೂ ಒಪ್ಪದೆ, 400 ಶೆಕೆಲ್ ಪೂರ್ತಿ ಬೆಲೆಯನ್ನು ಊರ ಬಾಗಿಲಲ್ಲಿ ಎಲ್ಲರ ಮುಂದೆ ತೂಗಿ ಕೊಟ್ಟ. ಆದಿಕಾಂಡ 23ರಲ್ಲಿ ವಿವರ ಹೇಗಿದೆ ಗೊತ್ತಾ? ಹೊಲ, ಅದರಲ್ಲಿರುವ ಗವಿ, ಮೇರೆಯ ಸುತ್ತ ಇರುವ ಮರಗಳೆಲ್ಲ ಸಹಿತ ಅಂತ. ನಮ್ಮ ಕ್ರಯಪತ್ರದಲ್ಲಿ ಮರ, ಗಿಡ, ಬಾವಿ, ಬದು ಸಹಿತ ಎಂದು ಬರೆಯುವ ಹಾಗೇ!

ಯೆರೆಮೀಯನೂ ಎರಡು ಪ್ರತಿ ಮಾಡಿಸಿದ. ಮುದ್ರೆ ಹಾಕಿದ್ದು ಒಂದು, ತೆರೆದಿದ್ದು ಒಂದು. ಎರಡನ್ನೂ ಮಣ್ಣಿನ ಪಾತ್ರೆಯಲ್ಲಿ ಇಡಿಸಿದ, ಬಹಳ ದಿನ ಉಳಿಯಲಿ ಅಂತ. 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗವಿಯಲ್ಲಿ ಮಣ್ಣಿನ ಜಾಡಿಯೊಳಗೆ ಸುಮಾರು ಎರಡು ಸಾವಿರ ವರ್ಷದ ಹಳೆಯ ಸುರುಳಿಗಳು ಸಿಕ್ಕವು. ಮಣ್ಣಿನ ಪಾತ್ರೆ ಅಷ್ಟು ಕಾಯುತ್ತದೆ.

ರಾಯಚೂರು ಭಾಯಿ

ಅಸ್ಸಲಾಮು ಅಲೈಕುಂ ಎಲ್ಲರಿಗೂ. ನಮ್ಮ ಅಬ್ಬಾ ಯಾವಾಗಲೂ ಒಂದು ಹದೀಸ್ ಹೇಳುತ್ತಿದ್ದರು. ಕಯಾಮತ್ (ಲೋಕದ ಕೊನೆ) ಬಂದೇಬಿಟ್ಟಿತು ಅನ್ನುವಾಗ ಕೈಯಲ್ಲಿ ಒಂದು ಸಸಿ ಇದ್ದರೆ, ನೆಡೋಕೆ ಆಗುವುದಾದರೆ ನೆಟ್ಟುಬಿಡು ಅಂತ. ಅಬ್ಬಾ ನೆಟ್ಟ ಮಾವಿನ ಕಾಯಿ ನಾವು ತಿನ್ನುತ್ತಿದ್ದೇವೆ, ಅವರು ತಿನ್ನಲಿಲ್ಲ. ಅಕ್ಕಾ, ನಿಮ್ಮ ಅಪ್ಪನಿಗೆ ನನ್ನ ಸಲಾಂ ಹೇಳಿ.

ಗಂಗಾವತಿ ಓದು

ನಾನು ಕೃಷಿ ಓದಿದವಳು. ಹುಣಸೆ ಒಳ್ಳೆಯದೇ ಅಕ್ಕ, ಆದರೆ ಅವಸರ ಮಾಡಬೇಡಿ. ಮೊದಲು ಮಣ್ಣು ಪರೀಕ್ಷೆ. ಸವಳು ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ, ಆದರೆ ಎರಡು ಥರ ಇದೆ. ಲವಣ ಜಾಸ್ತಿ ಇರುವುದು ಒಂದು. ಅದರಲ್ಲಿ ಇಸಿ, ಅಂದರೆ ಉಪ್ಪು ಎಷ್ಟಿದೆ ಎಂದು ತೋರಿಸುವ ಅಳತೆ, 4 ದಾಟಿರುತ್ತದೆ. (ಸರ್ವೆ ಸರ್ ಹೇಳಿದ ಇಸಿ ಬೇರೆ, ಇದು ಮಣ್ಣಿನದು.) ಇದಕ್ಕೆ ಬಸಿಗಾಲುವೆ ತೆಗೆದು ಒಳ್ಳೆ ನೀರಿನಲ್ಲಿ ಉಪ್ಪು ತೊಳೆದು ಹೊರಗೆ ಕಳಿಸಬೇಕು. ಇನ್ನೊಂದು ಕ್ಷಾರ ಭೂಮಿ. ಅದರಲ್ಲಿ ಪಿಎಚ್ 8.5 ದಾಟಿರುತ್ತದೆ. ಅದಕ್ಕೆ ಜಿಪ್ಸಂ ಬೇಕು. ಯಾವುದು ಎಂದು ತಿಳಿಯದೆ ಜಿಪ್ಸಂ ಸುರಿದರೆ ದುಡ್ಡು ಹಾಳು. ಹಸಿರೆಲೆ ಗೊಬ್ಬರಕ್ಕೆ ಡಯಂಚ ಬೆಳೆದು, ಹಸಿಯಾಗಿರುವಾಗಲೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಸಂಶೋಧನೆ ನಡೆಯುತ್ತದೆ. ಒಮ್ಮೆ ಅಪ್ಪನನ್ನು ಕರೆದುಕೊಂಡು ಹೋಗಿ.

ಹುಣಸೆಗೆ ನೀರು ನಿಲ್ಲುವ ಜಾಗ ಆಗುವುದಿಲ್ಲ. ಮೇಲಿನ ಭಾಗದಲ್ಲಿ ಏರಿಸಿ ನೆಡಿ. 10 ಮೀಟರ್ ಅಂತರ ಬಿಟ್ಟರೆ ಎಕರೆಗೆ ಸುಮಾರು 40 ಗಿಡ. ಬೀಜದಿಂದ ಬಂದ ಗಿಡ ಕಾಯಿ ಬಿಡೋಕೆ 8ರಿಂದ 10 ವರ್ಷ ಆಗುತ್ತದೆ. ಕಸಿ ಗಿಡ ಆದರೆ ನಾಲ್ಕು ವರ್ಷದ ಹೊತ್ತಿಗೆ ಶುರು. ಪಿಕೆಎಂ 1 ಅನ್ನುವ ತಳಿ ಕೇಳಿ ನೋಡಿ. ಮರ ನೂರು ವರ್ಷ ಬಾಳುತ್ತದೆ. ಮೊದಲ ವರ್ಷ ಹತ್ತೇ ಗಿಡ ಹಾಕಿ, ಯಾವ ಮೂಲೆಯಲ್ಲಿ ಉಳಿಯುತ್ತದೆ ನೋಡಿ. ಆಮೇಲೆ ಮುಂದಿನದು.

ಎರೆ ಹೊಲ

ಈ ತಂಗಿ ಹೇಳಿದ್ದು ಸರಿ. ಬಸಿಗಾಲುವೆಗೆ ಪಕ್ಕದ ಹೊಲದವರು ದಾರಿ ಬಿಡಬೇಕು, ಅದನ್ನು ಕೊಳ್ಳುವ ಮೊದಲೇ ಮಾತಾಡಿ. ನಾನು ಬೇಡ ಅಂದಿದ್ದೆ. ಈಗಲೂ ನನಗೆ ಭಯ ಇದೆ. ಆದರೆ ಹುಡುಗನಿಗೆ ವಾಪಸ್ ಕೊಡುವ ಮಾತು ಓದಿದ ಮೇಲೆ ಬೇಡ ಅನ್ನೋಕೆ ಬಾಯಿ ಬರುತ್ತಿಲ್ಲ.

ಬೆಂಗಳೂರಿನ ತಮ್ಮ

ನಾನು ಸಿಂಧನೂರಿನ ಟೀಚರ್ ಅಕ್ಕನ ತಮ್ಮ. ಅಕ್ಕನೇ ಲಿಂಕ್ ಕಳಿಸಿದಳು. ಎಲ್ಲರೂ ಅಪ್ಪನನ್ನು ಹೊಗಳುತ್ತಿದ್ದೀರಿ. ನನ್ನ ಮಾತೂ ಕೇಳಿ.

ಅಪ್ಪನಿಗೆ ಬಿಪಿ, ಶುಗರ್ ಎರಡೂ ಇದೆ. ಅವ್ವನಿಗೆ ಮೊಣಕಾಲು ನೋವು. ನಾಳೆ ಏನಾದರೂ ಆದರೆ ನಾನು ಬೆಂಗಳೂರಿನಿಂದ ಓಡಿಬರಬೇಕು, ನಾನೇ ಕಟ್ಟಬೇಕು. ಕಟ್ಟುತ್ತೇನೆ. ಅದರ ಬಗ್ಗೆ ಮಾತಿಲ್ಲ. ಆದರೆ ಅಪ್ಪ ಜೀವನ ಪೂರ್ತಿ ಬೇರೆಯವರಿಗೇ ಮಾಡಿದರು. ನನಗೆ ಇಂಜಿನಿಯರಿಂಗ್ ಸೀಟ್ ಸಿಕ್ಕಾಗ ಹಣ ಇರಲಿಲ್ಲ, ಡಿಪ್ಲೊಮಾಗೆ ಹೋದೆ. ಆ ವರ್ಷವೇ ಇದೇ ಕಾಕಾನ ತಂಗಿಯ ಮದುವೆಗೆ ಅಪ್ಪ ಹಣ ಕೊಟ್ಟಿದ್ದರು. ಮುಂದಿನವರಿಗೆ ಅಂತೀರಲ್ಲ, ನಾನೂ ಅಪ್ಪನ ಮುಂದಿನವನೇ ಅಲ್ವಾ? ಯೆರೆಮೀಯನಿಗೆ ಕೊನೆಗೆ ಏನು ಸಿಕ್ಕಿತು, ಅದನ್ನಾದರೂ ಹೇಳಿ.

ಹಳೇ ಬಳ್ಳಾರಿ

ತಮ್ಮಾ, ನೀನು ಬರೆದದ್ದು ಒಳ್ಳೆಯದಾಯಿತು. ನಿನ್ನ ನೋವು ನಿಜ. ಅದಕ್ಕೆ ಯಾವ ವಾಕ್ಯವನ್ನೂ ಅಡ್ಡ ಇಡುವುದಿಲ್ಲ. ಅಪ್ಪನ ಹತ್ತಿರವೇ ಕೂತು ಇದೇ ಮಾತು ಹೇಳು. ಅವರಿಗೆ ಗೊತ್ತಿಲ್ಲದೆ ಇರಬಹುದು.

ಯೆರೆಮೀಯನಿಗೆ ಏನು ಸಿಕ್ಕಿತು ಎಂದು ಕೇಳಿದೆ. ಏನೂ ಸಿಗಲಿಲ್ಲ. ಪಟ್ಟಣ ಬಿತ್ತು, ದೇವಾಲಯ ಸುಟ್ಟರು. ಅವನನ್ನು ಬೇರೆಯವರು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದುಕೊಂಡು ಹೋದರು. ಅವನಿಗೆ ಹೆಂಡತಿ ಮಕ್ಕಳೂ ಇರಲಿಲ್ಲ, ದೇವರೇ ಮದುವೆ ಬೇಡ ಅಂದಿದ್ದರು. ಅನಾತೋತಿನ ಹೊಲದಲ್ಲಿ ಅವನು ಒಂದು ಸೇರು ಕಾಳು ಬೆಳೆದದ್ದು ಎಲ್ಲೂ ಬರೆದಿಲ್ಲ.

ಆದರೆ ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿ ಒಂದು ಪಟ್ಟಿ ಇದೆ. ಹೊಲ ಕೊಂಡು ಸುಮಾರು 50 ವರ್ಷದ ಮೇಲೆ, ಪಾರಸಿಯ ಅರಸ ಕೋರೆಷ ಅಪ್ಪಣೆ ಕೊಟ್ಟಾಗ ಬಾಬೆಲಿನ ಸೆರೆಯಿಂದ ಊರಿಗೆ ಬಂದವರ ಪಟ್ಟಿ. ಊರಿನ ಹೆಸರು, ಎಷ್ಟು ಜನ, ಅಷ್ಟೇ. ಓದುವಾಗ ಎಲ್ಲರೂ ಬಿಟ್ಟುಬಿಡುತ್ತಾರೆ. ನಾನೂ ಎಷ್ಟೋ ವರ್ಷ ಬಿಟ್ಟಿದ್ದೆ. ಅದರ ನಡುವೆ ಒಂದು ಸಾಲು: ಅನಾತೋತಿನವರು 128. ಅದನ್ನು ಮೊದಲ ಸಲ ಗಮನಿಸಿದ ದಿನ ನಾನು ಬೈಬಲ್ ಮುಚ್ಚಿ ಹೊರಗೆ ಬಂದು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದೆ.

ಇನ್ನೊಂದು ವಿಷಯ, ಇದು ನಮ್ಮ ಊರಿನದು. ಕನ್ನಡದಲ್ಲಿ ಪೂರ್ತಿ ಬೈಬಲ್ ಬಂದದ್ದು 1831ರಲ್ಲಿ. ಅದಕ್ಕಾಗಿ ದುಡಿದ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬಂದಾಗ ಭಾಷೆ ಬರುತ್ತಿರಲಿಲ್ಲ. 21 ವರ್ಷ. ಯೆರೆಮೀಯನ ಆ ಅಧ್ಯಾಯ ನಿಮ್ಮ ಅಪ್ಪನ ಕೈಗೆ ಕನ್ನಡದಲ್ಲಿ ಬಂದದ್ದು ಹಾಗೆ. ಆಮೇಲೆ ಎಷ್ಟೋ ಜನ ತಿದ್ದಿದರು, ಹೊಸದಾಗಿ ಅನುವಾದ ಮಾಡಿದರು. ಅವರಲ್ಲಿ ಯಾರೂ ನಿಮ್ಮ ಅಪ್ಪನನ್ನು ನೋಡಿಲ್ಲ.

ಆಸ್ಪತ್ರೆಗೆ ಹಣ ಇಡಲೇಬೇಕು, ಅದರಲ್ಲಿ ನಾನು ನಿನ್ನ ಕಡೆ. ಪೂರ್ತಿ ಎಫ್‌ಡಿ ಮುರಿಯಬಾರದು ಎಂದು ಅಪ್ಪನಿಗೆ ನನ್ನ ಹೆಸರಿನಲ್ಲೂ ಹೇಳು.

ಸಿಂಧನೂರಿನ ಮಗಳು (ಐದು ವಾರದ ನಂತರ)

ತಡವಾಯಿತು, ಕ್ಷಮಿಸಿ. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು.

ತಮ್ಮ ಎರಡು ದಿನ ರಜೆ ಹಾಕಿ ಬಂದ. ಮೊದಲ ರಾತ್ರಿ ಅವನು, ಅಪ್ಪ ಮಾಳಿಗೆ ಮೇಲೆ ಮಾತಾಡಿದರು. ನಾನು, ಅವ್ವ ಕೆಳಗೆ ಕೂತಿದ್ದೆವು. ಜೋರಾದ ಮಾತು ಒಂದೆರಡು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಬೆಳಿಗ್ಗೆ ಅಪ್ಪ ನನ್ನ ಹತ್ತಿರ ಬಂದು, "ಆ ವರ್ಷ ಅವನ ಫೀಸಿಗೆ ನಾನು ಸಾಲವನ್ನಾದರೂ ಮಾಡಬೇಕಿತ್ತು, ತಪ್ಪಾಯಿತು" ಅಂದರು. ತಮ್ಮನಿಗೂ ಹಾಗೇ ಹೇಳಿದರಂತೆ.

ಎಫ್‌ಡಿಯಲ್ಲಿ ಅರ್ಧ ಮುಟ್ಟಿಲ್ಲ. ಹೊಲ ಅರ್ಧ ತಗೊಂಡಿದ್ದೇವೆ, ಒಂದು ಎಕರೆ ಐದು ಗುಂಟೆ. ಅಷ್ಟರಲ್ಲಿ ಕಾಕಾನ ಬಡ್ಡಿ ಸಾಲ ತೀರಿತು. ಉಳಿದದ್ದು ಅವರ ಹೆಸರಿನಲ್ಲೇ ಇದೆ. 11ಇ ನಕ್ಷೆ ಬರೋಕೆ ದಿನ ಹಿಡಿಯಿತು. ಕಾಕಾನ ತಂಗಿ ಬಂದು ಒಪ್ಪಿಗೆ ಸಹಿ ಹಾಕಿದರು. ಬೆಲೆ ಪೂರ್ತಿ ಬರೆಸಿದ್ದೇವೆ. ಪತ್ರ ಬರೆಯುವವರು ಕಡಿಮೆ ತೋರಿಸಿದರೆ ಖರ್ಚು ಉಳಿಯುತ್ತದೆ ಎಂದರು. ಅಪ್ಪ, ಅಬ್ರಹಾಮ ತೂಗಿ ಕೊಟ್ಟ, ನಾವೂ ತೂಗಿ ಕೊಡೋಣ ಅಂದರು. ಅವರಿಗೆ ಅರ್ಥ ಆಗಲಿಲ್ಲ, ಆದರೆ ಬರೆದರು.

ನೋಂದಣಿ ಕಚೇರಿಯಲ್ಲಿ ಬೆರಳಚ್ಚು ತೆಗೆಯುವಾಗ ಕಾಕಾನ ಹೆಬ್ಬೆರಳು ಯಂತ್ರದಲ್ಲಿ ಬರಲೇ ಇಲ್ಲ. ಸಲಿಕೆ ಹಿಡಿದು ರೇಖೆಯೇ ಸವೆದಿದೆ. ಅಪ್ಪ ತಮ್ಮ ಟವೆಲ್ಲಿನ ತುದಿ ನೀರಲ್ಲಿ ಅದ್ದಿ ಆ ಬೆರಳನ್ನು ಒರೆಸಿಕೊಟ್ಟರು. ನಾಲ್ಕನೇ ಸಲ ಬಂತು. ಸಾಕ್ಷಿಗೆ ಸಹಿ ಹಾಕಿದ್ದು ತಮ್ಮ. ವಾಪಸ್ ಕೊಡುವ ಕರಾರನ್ನು ವಕೀಲರು ಬೇರೆಯಾಗಿ ಬರೆದಿದ್ದಾರೆ. ಅದರಲ್ಲಿ ಅಪ್ಪನ ಸಹಿಯ ಕೆಳಗೆ ತಮ್ಮನ ಸಹಿ, ನನ್ನ ಸಹಿ ಎರಡೂ ಇದೆ.

ಅವ್ವ ಎರಡೂ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಳೇ ಉಪ್ಪಿನಕಾಯಿ ಭರಣಿ ತೊಳೆದು ಅದರಲ್ಲಿಟ್ಟಳು. ಯಾರೂ ಹೇಳಿರಲಿಲ್ಲ.

ಪಕ್ಕದ ಹೊಲದವರು ಬಸಿಗಾಲುವೆಗೆ ದಾರಿ ಬಿಡೋಕೆ ಒಪ್ಪಿದ್ದಾರೆ, ಅವರದ್ದೂ ಸವಳಾಗುತ್ತಿದೆಯಂತೆ. ಗಂಗಾವತಿ ತಂಗಿ, ಮಣ್ಣು ಕೊಟ್ಟು ಬಂದಿದ್ದೇವೆ. ಬೆಂಗಳೂರಿಗೆ ಹೊರಡುವ ದಿನ ತಮ್ಮ ಆಫೀಸಿನ ಶೂ ಹಾಕಿಕೊಂಡೇ ಹೊಲದಲ್ಲಿ ಟೇಪ್ ಹಿಡಿದು 10 ಮೀಟರ್ ಅಳೆಯುತ್ತಿದ್ದ. ಟೇಪಿನ ಇನ್ನೊಂದು ತುದಿ ಕಾಕಾನ ಮಗನ ಕೈಯಲ್ಲಿತ್ತು.

ಗಂಗಾವತಿ ಓದು

ಅಕ್ಕ, ವರದಿ ಬಂದ ಕೂಡಲೇ ಇಸಿ, ಪಿಎಚ್ ಎರಡೂ ಇಲ್ಲಿ ಹಾಕಿ. ಮಳೆಗಾಲಕ್ಕೆ ಮೊದಲು ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು.

ಎರೆ ಹೊಲ

ಗುಂಡಿ ತೆಗೆಯುವ ದಿನ ಹೇಳಿ ಅಕ್ಕ. ನಮ್ಮ ಊರಿನಿಂದ ದೂರ ಇಲ್ಲ. ಸಲಿಕೆ ತಗೊಂಡು ಬರುತ್ತೇನೆ.